ಮೊಟ್ಟೆ ತಟ್ಟೆಯಲ್ಲೊಂದು ಬಂದೂಕು

"ಇವತ್ತಿನಿಂದ ಈ ಮನೇಲಿ ಒಂದೇ ಒಂದು ಸ್ಕ್ರೂ ಕಳೆದ್ರೂ ನನ್ನ ಹೆಸರು ಎಲ್ಬರ್ಟ್ ಅಲ್ಲ!"

ಅಡುಗೆಮನೆಯ ನಟ್ಟನಡುವೆ ನಿಂತು, ಬಲಗೈಯಲ್ಲಿ ಸ್ಕ್ರೂಡ್ರೈವರನ್ನು ಖಡ್ಗದಂತೆ ಎತ್ತಿ ಹಿಡಿದು ನಾನು ಹೀಗೆ ಘೋಷಿಸಿದಾಗ ನನ್ನ ಹೆಂಡತಿ ಒಲೀಟಾ ಬೀನ್ಸಿನ ನಾರು ತೆಗೆಯುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಹಾಗಾದ್ರೆ ಹೊಸ ಹೆಸರು ಈಗ್ಲೇ ಯೋಚಿಸಿಟ್ಕೋ," ಎಂದಳು. "ಗೇಟಿನ ಹತ್ರ ಟಪಾಲು ಡಬ್ಬಿ ಮೇಲೆ ಬರೆಸ್ಬೇಕಲ್ಲ."

ಮಾತಿನಲ್ಲಿ ಕುಹಕವಿತ್ತು, ನಿಜ. ಆದರೆ ಆಧಾರವೂ ಇತ್ತು. ಟೆನೆಸೀ ಗುಡ್ಡಗಳ ಹಾವಿನಂಥ ರಸ್ತೆಯಲ್ಲಿ ಆಯುಷ್ಯವಿಡೀ ಶಾಲೆಯ ಬಸ್ಸು ಓಡಿಸಿ ಒಂದು ಮಗುವನ್ನೂ ಕಳೆಯದ ನಾನು, ನಿವೃತ್ತನಾಗಿ ಬಂದೂಕು ಕಟ್ಟುವ ಹುಚ್ಚು ಹತ್ತಿಸಿಕೊಂಡ ಮೇಲೆ ಕಳೆದ ಸ್ಕ್ರೂಗಳಿಗೆ ಲೆಕ್ಕವಿಲ್ಲ. ನಮ್ಮ ಗ್ಯಾರೇಜಿನ ನೆಲದಲ್ಲಿ ಈಗ ಎಷ್ಟು ಉಕ್ಕು ಸೇರಿಕೊಂಡಿದೆಯೆಂದರೆ, ದಿಕ್ಸೂಚಿ ಹಿಡಿದು ಕಾಡಿಗೆ ಹೊರಟ ಬೇಟೆಗಾರರು ಉತ್ತರ ದಿಕ್ಕೆಂದು ನೇರವಾಗಿ ನಮ್ಮ ಮನೆಗೇ ಬಂದು ಬಾಗಿಲು ತಟ್ಟುತ್ತಾರೆ! ಇನ್ನು ಸ್ಪ್ರಿಂಗುಗಳ ವಿಷಯ ಕೇಳಲೇಬೇಡಿ. ನನ್ನ ಬೆರಳ ಸಂದಿಯಿಂದ ಹಾರಿದ ಸ್ಪ್ರಿಂಗು ಟೆನೆಸೀಯಲ್ಲಿ ಬೀಳುವುದಿಲ್ಲ. ಗಡಿ ದಾಟಿ ಕೆಂಟಕಿಯಲ್ಲಿ ಇಳಿಯುತ್ತದೆ.

ನಾನು ಕಟ್ಟುವುದು ಅಂಗಡಿಯಲ್ಲಿ ಸಿಗುವಂಥ ಬಂದೂಕಲ್ಲ. ನಳಿಗೆಯ ಬಾಯಿಂದ ಮದ್ದು ತುಂಬಿ, ಚಕಮಕಿ ಕಲ್ಲಿನ ಕಿಡಿಯಿಂದ ಹಾರಿಸುವ, ಮುತ್ತಜ್ಜನ ಕಾಲದ ಬಂದೂಕು. ನಮ್ಮ ಕಡೆ ವಯಸ್ಸಾದ ಗಂಡಸರಿಗೆ ಇರುವುದು ಎರಡೇ ಉದ್ಯೋಗ. ಒಂದು, ಮೊಣಕಾಲು ನೋವಿನ ಬಗ್ಗೆ ಭಾಷಣ. ಇನ್ನೊಂದು, ಇದು.

ಇಂಥ ಬಂದೂಕಿನ ಪ್ರಾಣವಿರುವುದು ಅದರ ಲಾಕಿನಲ್ಲಿ. ಅಂಗೈಯಗಲದ ಒಂದು ಉಕ್ಕಿನ ಫಲಕ. ಅದರ ಹೊರಗಡೆ, ಬಾಯಲ್ಲಿ ಕಲ್ಲು ಕಚ್ಚಿಕೊಂಡು ಮುಂದಕ್ಕೆ ಬಡಿಯುವ ಕುದುರೆ. ಒಳಗಡೆ ಸ್ಪ್ರಿಂಗು, ಕೊಕ್ಕೆ, ಹಲ್ಲು, ಸ್ಕ್ರೂಗಳ ದೊಡ್ಡದೊಂದು ಅವಿಭಕ್ತ ಕುಟುಂಬ. ಒಬ್ಬ ಮುನಿಸಿಕೊಂಡರೂ ಸಾಕು, ಮನೆಯಲ್ಲಿ ಕಿಡಿ ಹಾರುವುದಿಲ್ಲ!

ಅಂಥ ಲಾಕನ್ನು ಬರಿಗೈಯಲ್ಲಿ ಅರ ಹಿಡಿದು ಮಾಡಬಲ್ಲವನು ನಮ್ಮ ಕೌಂಟಿಗೆಲ್ಲ ಒಬ್ಬನೇ: ವರ್ಜಿಲ್ ಟ್ಯಾಕೆಟ್. ಅವನ ಜಗಲಿಯ ಮೆಟ್ಟಿಲು ಸವೆಯುವಷ್ಟು ಸಲ ಹೋಗಿ ಬೇಡಿದ ಮೇಲೆ ಒಂದು ದಿನ ಹಳೇ ಕಾಲುಚೀಲದಲ್ಲಿ ಸುತ್ತಿದ ಗಂಟೊಂದನ್ನು ನನ್ನ ಕೈಯಲ್ಲಿಟ್ಟ.

"ಇದೇ ಕೊನೇದು, ಎಲ್ಬರ್ಟ್. ಇನ್ನು ಕಣ್ಣು ಕೇಳೋದಿಲ್ಲ. ಒಂದೊಂದು ಸ್ಕ್ರೂನೂ ಅದರದರ ತೂತಿಗೇ ಅಂತ ಮಾಡಿದ್ದೀನಿ. ಅದಲು ಬದಲಾದ್ರೆ ಕೂರೋದಿಲ್ಲ. ಅದಕ್ಕೇ ಹೇಳ್ತಿದೀನಿ, ಬಿಚ್ಬೇಡ. ಉಜ್ಬೇಡ. ಹಾಗೇ ಮರಕ್ಕೆ ಕೂರ್ಸು."

"ಆಣೆಗೂ ಬಿಚ್ಚೋದಿಲ್ಲ, ವರ್ಜಿಲ್!" ಎಂದೆ.

ಮನೆಗೆ ಬಂದೆ. ಬಿಚ್ಚಿದೆ.

ನೀವೇ ಹೇಳಿ, ಒಂದು ಕೈಯಲ್ಲಿ ಸ್ಕ್ರೂಡ್ರೈವರು, ಕಿವಿಯಲ್ಲಿ 'ಬಿಚ್ಬೇಡ' ಎಂಬ ಮಾತು ಎರಡೂ ಒಟ್ಟಿಗಿದ್ದರೆ ಗಂಡಸಾದವನು ಇನ್ನೇನು ಮಾಡಿಯಾನು? ಒಳಗಿನ ಭಾಗಗಳನ್ನು ಕನ್ನಡಿಯಂತೆ ಹೊಳೆಯಿಸಿ ವರ್ಜಿಲನನ್ನೇ ಬೆರಗುಗೊಳಿಸುವ ಆಸೆ ನನ್ನದು. ಅದೂ ಅಲ್ಲದೆ ಪಂದ್ಯ ಬೇರೆ ಕಟ್ಟಿದ್ದೆ. ಶನಿವಾರ ನಮ್ಮೂರ ಅಗ್ನಿಶಾಮಕ ಠಾಣೆಯ ಹಿಂದಿನ ಬಯಲಿನಲ್ಲಿ ಗುರಿ ಹೊಡೆಯುವ ಸ್ಪರ್ಧೆ, ಜೊತೆಗೆ ಊರೂಟ. ಒಲೀಟಾಳ ತಮ್ಮ ಬರ್ಲ್ ಊರವರ ಎದುರಿಗೇ ಹಲ್ಲು ಕಿರಿದಿದ್ದ.

"ಲೋ ಎಲ್ಬರ್ಟ್, ಶನಿವಾರ ನೀನು ಕಟ್ಟಿದ ಬಂದೂಕು ಢಂ ಅಂದ್ರೆ ಅಕ್ಕನ ಗುಲಾಬಿ ಏಪ್ರನ್ ಕಟ್ಕೊಂಡು ಊರಿಗೆಲ್ಲ ನಾನು ಬೀನ್ಸ್ ಬಡಿಸ್ತೀನಿ. ಅನ್ನದೇ ಇದ್ರೆ ನೀನು!"

"ನಿನ್ನ ಸೊಂಟದ ಅಳತೆ ಕೊಟ್ಟಿರು," ಎಂದಿದ್ದೆ ನಾನು. "ಏಪ್ರನ್ನಿನ ದಾರಕ್ಕೆ ಹಗ್ಗ ಜೋಡಿಸ್ಬೇಕಾಗುತ್ತೆ."

ಹೀಗಿರುವಾಗ ಒಂದು ಸ್ಕ್ರೂ ಕಳೆದರೂ ನನ್ನ ಮಾನ ಮೂರಾಬಟ್ಟೆ. ಆದ್ದರಿಂದಲೇ ಮೇಲಿನ ಭೀಷ್ಮಪ್ರತಿಜ್ಞೆ!

ಪ್ರತಿಜ್ಞೆಯೇನೋ ಆಯಿತು, ಸ್ಕ್ರೂಗಳನ್ನು ಇಡುವುದೆಲ್ಲಿ? ಮೇಜಿನ ಮೇಲೆ ಇಡುವಂತಿಲ್ಲ. ಜಡ್ಜ್ ಇದ್ದಾನೆ. ಜಡ್ಜ್ ಎಂದರೆ ನಮ್ಮ ಬೆಕ್ಕು. ಮೇಜಿನಂಚಿನಲ್ಲಿ ಏನೇ ಕಂಡರೂ ಅದನ್ನು ಒಂದು ಕ್ಷಣ ವಿಚಾರಣೆ ಮಾಡಿ, ಕೈಯೆತ್ತಿ ಕೆಳಕ್ಕೆ ತಳ್ಳಿ ಶಿಕ್ಷೆ ಜಾರಿ ಮಾಡುವುದು ಅವನ ಕುಲವೃತ್ತಿ. ಮೇಲ್ಮನವಿಗೆ ಅವಕಾಶವೇ ಇಲ್ಲ.

"ಒಲೀಟಾ, ಆ ಮಫಿನ್ ಬೇಯಿಸೋ ತಟ್ಟೆ ಒಂದು ವಾರ ಕೊಡ್ತೀಯಾ?"

"ಮುಟ್ಟಿದ್ರೆ ಕೈ ಮುರೀತೀನಿ. ಹೋದ ವರ್ಷ ಕೊಟ್ಟಿದ್ದಕ್ಕೆ ಪಾದ್ರಿಗಳ ದವಡೆ ಹಲ್ಲು ಹೋಯ್ತು. ಇವತ್ತಿಗೂ ನಮ್ಮನೆ ಮಫಿನ್ ಕಂಡ್ರೆ ಅವ್ರು ಮೊದ್ಲು ಪ್ರಾರ್ಥನೆ ಮಾಡ್ತಾರೆ, ಆಮೇಲೆ ಅಲ್ಲಾಡಿಸಿ ನೋಡ್ತಾರೆ."

ಆಗ ನನ್ನ ಕಣ್ಣಿಗೆ ಬಿದ್ದದ್ದು ಕಪಾಟಿನ ಮೇಲಿದ್ದ ಮೊಟ್ಟೆ ತಟ್ಟೆ!

ಬೆಂದ ಮೊಟ್ಟೆಯನ್ನು ಉದ್ದಕ್ಕೆ ಸೀಳಿ, ಹಳದಿಯನ್ನು ಸಾಸಿವೆ ಹಾಕಿ ಹಿಸುಕಿ ಮತ್ತೆ ಅದರ ಹೊಟ್ಟೆಗೇ ತುಂಬಿ, ಮೇಲೆ ಚಿಟಿಕೆ ಕೆಂಪು ಪುಡಿ ಉದುರಿಸಿದ ತುಂಬುಮೊಟ್ಟೆಯಿಲ್ಲದೆ ನಮ್ಮ ಕಡೆ ಹುಟ್ಟೂ ಇಲ್ಲ, ಮದುವೆಯೂ ಇಲ್ಲ, ಸಾವೂ ಇಲ್ಲ. ಅವು ಜಾರದಂತೆ ಕೂರಲು ಸುತ್ತಲೂ ಗುಳಿಗಳಿರುವ ಗಾಜಿನ ತಟ್ಟೆ ಬೇಕು. ಒಲೀಟಾಳ ಬಳಿ ಅಂಥವು ಎರಡಿದ್ದವು. ಒಂದು ಅವಳ ಅಜ್ಜಿಯದು. ಅದನ್ನು ಮುಟ್ಟುವುದಕ್ಕಿಂತ ಕರಡಿಯ ಮರಿಯನ್ನು ಮುಟ್ಟುವುದು ಕ್ಷೇಮ. ಇನ್ನೊಂದು, ನಾನೇ ಕ್ರಿಸ್ಮಸ್ಸಿಗೆ ತಂದುಕೊಟ್ಟದ್ದು. ಉಡುಗೊರೆ ಕೊಟ್ಟವನಿಗೆ ಅಷ್ಟೂ ಹಕ್ಕಿಲ್ಲವೇ? ಅದನ್ನೇ ಇಳಿಸಿಕೊಂಡೆ.

ಆಹಾ, ಏನು ವ್ಯವಸ್ಥೆ! ಮೊದಲ ಗುಳಿಯಲ್ಲಿ ಕುದುರೆ. ಆಮೇಲೆ ಬಿಚ್ಚಿದ ಕ್ರಮದಲ್ಲೇ ಒಂದೊಂದು ಗುಳಿಗೆ ಒಂದೊಂದು ಭಾಗ. ಅಲುಗಾಡದಂತೆ ಪ್ರತಿಯೊಂದಕ್ಕೂ ಗ್ರೀಸಿನ ಹಾಸಿಗೆ. ಧೂಳು ಬೀಳದಂತೆ ಮೇಲೆ ತಿಂಡಿ ಸುತ್ತುವ ಬೆಳ್ಳಿ ಹಾಳೆಯ ಬಿಗಿ ಹೊದಿಕೆ. ಇನ್ನು ಜಡ್ಜ್? ಅವನಿಗೆ ತೆರೆಯಲು ಬಾರದ ಬಾಗಿಲು ನಮ್ಮ ಮನೆಯಲ್ಲಿ ಒಂದೇ: ಗ್ಯಾರೇಜಿನ ಹಳೇ ಫ್ರಿಜ್ಜು. ಬಿಯರು, ಉಪ್ಪಿನಕಾಯಿ ಜಾಡಿಗಳ ನಡುವೆ ನನ್ನ ಲಾಕು ರಾಜನಂತೆ ಪವಡಿಸಿತು. ಆ ಸಂಜೆ ನಾನು ನಡೆದ ಗತ್ತು ನೋಡಬೇಕಿತ್ತು. ಒಲೀಟಾ "ಬೆನ್ನು ಹಿಡ್ಕೊಂಡಿದ್ಯಾ?" ಎಂದು ಎಣ್ಣೆ ಸೀಸೆ ತಂದಳು.

ಮರುದಿನ ಬೆಳಿಗ್ಗೆ ಫೋನು ಬಂತು. ವರ್ಜಿಲ್ ಹೋಗಿಬಿಟ್ಟಿದ್ದ. ತಿಂಡಿ ತಿಂದು ಜಗಲಿಯ ಕುರ್ಚಿಗೆ ಒರಗಿದವನು ಮತ್ತೆ ಏಳಲಿಲ್ಲವಂತೆ.

ನಮ್ಮೂರಿನಲ್ಲಿ ಸಾವಿನ ಸುದ್ದಿ ಬಂದರೆ ಹೆಂಗಸರು ಮೊದಲು ಅಳುವುದಿಲ್ಲ, ಒಲೆ ಹಚ್ಚುತ್ತಾರೆ. ಕಣ್ಣೀರೇನಿದ್ದರೂ ನೀರು ಕುದಿಯುವವರೆಗೆ ಕಾಯಬೇಕು. ಫೋನು ಕೆಳಗಿಡುವ ಮೊದಲೇ ಒಲೀಟಾ ಮೊಟ್ಟೆ ಬೇಯಲು ಇಟ್ಟಾಗಿತ್ತು. ನನ್ನನ್ನು ಚರ್ಚಿಗೆ ಅಟ್ಟಿದಳು, ಅಲ್ಲಿಯ ಮಡಿಸುವ ಕುರ್ಚಿಗಳನ್ನು ಪಿಕಪ್ಪಿಗೆ ತುಂಬಿ ತರಲು. ನಾನು ಕುರ್ಚಿಗಳೊಂದಿಗೆ ವಾಪಸು ಬರುವಾಗ ಅವಳು ನೆರೆಮನೆಯವಳ ಕಾರಿನಲ್ಲಿ ಹೊರಟಿದ್ದಳು. ತೊಡೆಯ ಮೇಲೆ ಬೆಳ್ಳಿ ಹಾಳೆ ಹೊದ್ದ ತಟ್ಟೆ.

"ಬೇಗ ಬಾ!" ಕಿಟಕಿಯಿಂದಲೇ ಕೂಗಿದಳು. "ಆ ಅಂಗಿ ಮಾತ್ರ ಬದಲಾಯಿಸ್ಕೊಂಡು ಬಾ, ಗ್ರೀಸಿನ ಅಂಗಡಿ ಥರ ಇದೆ!"

ಅಂಗಿ ಬದಲಾಯಿಸಿದೆ. ಪ್ಯಾಂಟಿನ ಬಗ್ಗೆ ಅವಳು ಏನೂ ಹೇಳಿರಲಿಲ್ಲ. ನಾನು ಆಜ್ಞೆ ಮೀರುವವನಲ್ಲ.

ಅಷ್ಟರಲ್ಲಿ ಬರ್ಲ್ ಬಂದ. ಕುರ್ಚಿ ಇಳಿಸಲು ಕೈಜೋಡಿಸುವ ನೆಪ. ಬಂದ ಉದ್ದೇಶ ಬೇರೆ.

"ಏನಪ್ಪಾ, ಬಂದೂಕು ಎಲ್ಲಿಗೆ ಬಂತು? ಸ್ಕ್ರೂ ಎಲ್ಲ ಕಳೆದಾಯ್ತಾ?"

"ಕಳೆಯೋದಾ?" ನಾನು ನಕ್ಕ ನಗೆಗೆ ಗ್ಯಾರೇಜಿನ ತಗಡು ಕಂಪಿಸಿತು. "ಬಾರಯ್ಯ, ನೋಡು! ಶಿಸ್ತು ಅಂದ್ರೆ ಏನು ಅಂತ ಕಣ್ಣಾರೆ ನೋಡ್ಕೋ!"

ಫ್ರಿಜ್ಜು ತೆರೆದೆ. ತಟ್ಟೆ ಹೊರತೆಗೆದೆ. ಜಾದೂಗಾರನ ಠೀವಿಯಲ್ಲಿ ಬೆಳ್ಳಿ ಹಾಳೆಯನ್ನು ಸರ್ರನೆ ಎಳೆದೆ.

ತುಂಬುಮೊಟ್ಟೆಗಳು! ಗುಳಿಗೊಂದರಂತೆ ಹಳದಿ ಹೊಟ್ಟೆ ತೋರಿಸಿಕೊಂಡು ನನ್ನನ್ನೇ ನೋಡುತ್ತಿದ್ದವು. ಕುದುರೆಯಿದ್ದ ಜಾಗದಲ್ಲಿ ಮೊಟ್ಟೆ! ಕುದುರೆಮೊಟ್ಟೆ ಎಂಬುದು ಲೋಕದಲ್ಲೇ ಇಲ್ಲ ಎನ್ನುತ್ತಾರಲ್ಲ, ನಾನು ಕಣ್ಣಾರೆ ಕಂಡೆ ಸ್ವಾಮಿ! ಮೇಲೆ ಕೆಂಪು ಪುಡಿಯೂ ಉದುರಿಸಿತ್ತು!

"ಶಿಸ್ತು ಚೆನ್ನಾಗಿದೆ," ಎನ್ನುತ್ತ ಬರ್ಲ್ ಒಂದನ್ನು ಬಾಯಿಗೆಸೆದುಕೊಂಡ. "ಸಾಸಿವೆ ಸ್ವಲ್ಪ ಜಾಸ್ತಿ."

ನನ್ನ ತಲೆಯಲ್ಲಿ ಒಂದೊಂದೇ ಬಲ್ಬು ಹೊತ್ತಿತು. ಅಡುಗೆಮನೆಯ ಫ್ರಿಜ್ಜಿನಲ್ಲಿ ಹಂದಿ ತೊಡೆಯ ರಾಜ್ಯಭಾರ, ತಟ್ಟೆಗೆ ಜಾಗವಿಲ್ಲ. ಒಲೀಟಾ ಅಜ್ಜಿಯ ತಟ್ಟೆಯನ್ನು ಗ್ಯಾರೇಜಿನ ಫ್ರಿಜ್ಜಿನಲ್ಲಿಟ್ಟಿದ್ದಾಳೆ. ಹೊರಗೆ ನೆರೆಮನೆಯವಳು ಹಾರನ್ನು ಬಾರಿಸಿದ್ದಾಳೆ. ಆತುರದಲ್ಲಿ ಇವಳು ಕೈಗೆ ಸಿಕ್ಕ ತಟ್ಟೆ ಎತ್ತಿಕೊಂಡು ಓಡಿದ್ದಾಳೆ. ಎರಡಕ್ಕೂ ಅದೇ ಆಕಾರ, ಅದೇ ಹೊದಿಕೆ. ಒಳಗಿನದು ಗಡಗಡ ಎಂದಿದ್ದರಾದರೂ ತಿಳಿಯುತ್ತಿತ್ತು. ಆದರೆ ನನ್ನ ಗ್ರೀಸಿನ ವ್ಯವಸ್ಥೆ ಅಷ್ಟು ಪಕ್ಕಾ!

"ಬರ್ಲ್, ಹತ್ತು ಗಾಡೀಗೆ!"

ಆ ದಿನ ನಮ್ಮ ಪಿಕಪ್ಪು ಓಡಿದ ವೇಗಕ್ಕೆ ಹಿಂದಿದ್ದ ಕುರ್ಚಿಗಳು ತಾವಾಗಿಯೇ ಬಿಚ್ಚಿಕೊಂಡು ಕೂತವು. ತಿರುವಿನಲ್ಲಿ ಎದುರಾದ ಹಸುವೊಂದು ನಮ್ಮನ್ನು ಕಂಡು ಬೇಲಿ ಹಾರಿತು. ಆಮೇಲೆ ಅದಕ್ಕೇ ತನ್ನ ಮೇಲೆ ನಂಬಿಕೆ ಬಾರದೆ ಹಿಂತಿರುಗಿ ನೋಡಿತಂತೆ. ಬರ್ಲ್ ಮಾತ್ರ ಮೊಟ್ಟೆ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ದಾರಿಯುದ್ದಕ್ಕೂ ಅದರ ಭಾರ ಇಳಿಸುತ್ತಿದ್ದ.

ವರ್ಜಿಲನ ಮನೆ ತುಂಬ ಜನ. ಊಟದ ಮೇಜಿನ ಮೇಲೆ ಬೆಳ್ಳಿ ಹಾಳೆಯ ಗುಡ್ಡಸಾಲು. ಊರಿನ ಪ್ರತಿ ಹೆಂಗಸೂ ಒಂದೊಂದು ತಟ್ಟೆ ತಂದಿದ್ದಳು. ಪ್ರತಿ ತಟ್ಟೆಗೂ ಅದೇ ಹೊದಿಕೆ. ಒಲೀಟಾಳನ್ನು ಮೂಲೆಗೆ ಎಳೆದೆ.

"ನೀನು ತಂದ ತಟ್ಟೆ ಯಾವುದು?"

"ಯಾಕೆ, ಸಾವಿನ ಮನೇಗೆ ಕಾಲಿಟ್ಟ ತಕ್ಷಣ ಹಸಿವಾ?"

"ಅದ್ರಲ್ಲಿ ಮೊಟ್ಟೆ ಇಲ್ಲ ಕಣೇ!"

"ಮತ್ತೆ?"

"ವರ್ಜಿಲ್!"

"ಏನು?!"

"ಅಂದ್ರೆ, ವರ್ಜಿಲ್ ಕೊಟ್ಟ ಲಾಕು. ಬಿಚ್ಚಿಟ್ಟಿದ್ದೆ."

ಒಲೀಟಾ ನನ್ನನ್ನು ನೋಡಿದ ನೋಟದ ವಿಷಯ ನಾನು ಬರೆಯುವುದಿಲ್ಲ, ಕಾಗದ ಸುಟ್ಟೀತು. "ನನ್ನ ಮೊಟ್ಟೆ ತಟ್ಟೇಲಾ?" ಎಂದು ಮಾತ್ರ ಕೇಳಿದಳು, ಹಲ್ಲುಗಳ ಒಳಗಿನಿಂದ.

ಇಬ್ಬರೂ ಮೇಜಿನ ಎರಡೂ ಕಡೆಯಿಂದ ದಾಳಿಯಿಟ್ಟೆವು. ಹೊದಿಕೆಗಳ ಮೂಲೆ ಮೆಲ್ಲಗೆ ಎತ್ತಿ ಇಣುಕಿದೆವು. ಇದು ಆಲೂಗಡ್ಡೆ ಕಲಸು. ಇದು ಕೋಳಿ. ಇದು ತುಂಬುಮೊಟ್ಟೆ, ಆದರೆ ಬೇರೆಯವರದು. ಕೊನೆಗೆ ನಮ್ಮದರ ಅಂಚಿಗೆ ನನ್ನ ಬೆರಳು ತಗುಲುವ ಹೊತ್ತಿಗೆ ಇನ್ನೊಂದು ಕೈ ಅದರ ಮೇಲೆ ಬಿತ್ತು. ವರ್ಜಿಲನ ಹೆಂಡತಿ ಓಪಲ್!

"ಒಲೀಟಾ ಮಾಡಿದ ಮೊಟ್ಟೆ ಅಂದ್ರೆ ಅವನಿಗೆ ಪ್ರಾಣ," ಎಂದಳು ಮೂಗು ಒರೆಸಿಕೊಳ್ಳುತ್ತ. "ಬೆಳಿಗ್ಗೆಯಿಂದ ಏನೂ ಸೇರಿಲ್ಲ. ಅವನ ಹೆಸರಲ್ಲಿ ಒಂದು ತಿಂತೀನಿ."

ಹೊದಿಕೆ ತೆಗೆದಳು.

ಎಲ್ಲರೂ ಕತ್ತು ಚಾಚಿದರು. ಗುಳಿಗುಳಿಯಲ್ಲೂ ಗ್ರೀಸು ಮೆತ್ತಿದ ಸ್ಪ್ರಿಂಗು, ಕೊಕ್ಕೆ, ಸ್ಕ್ರೂಗಳು ಕಿಟಕಿ ಬೆಳಕಿಗೆ ಹೊಳೆಯುತ್ತಿದ್ದವು. ಯಾರೋ ಒಬ್ಬರು, "ಅಯ್ಯೋ, ಒಲೀಟಾಗೆ ಏನಾಯ್ತು?" ಎಂದು ಪಿಸುಗುಟ್ಟಿದ್ದು ಕೇಳಿಸಿತು.

ಓಪಲ್ ಮೊದಲ ಗುಳಿಗೆ ಕೈಹಾಕಿ ಕುದುರೆಯನ್ನು ಎತ್ತಿದಳು. ಬೆಳಕಿಗೆ ಹಿಡಿದಳು.

"ಇದು ಅವನದೇ," ಎಂದಳು. "ಕತ್ತಿನ ಹತ್ರ ಈ ಬಳ್ಳಿ ಕೆತ್ತೋನು ಅವನೊಬ್ನೇ. ಕೊನೇ ಲಾಕು ಎಲ್ಬರ್ಟ್‌ಗೆ ಕೊಟ್ಟೆ ಅಂದಿದ್ದ." ನನ್ನತ್ತ ತಿರುಗಿದಳು. ಕಣ್ಣು ತುಂಬಿ ಬಂದಿತ್ತು. "ಅವನ ಜೊತೆ ಕಳಿಸೋದಕ್ಕೆ ತಂದ್ಯಾ, ಎಲ್ಬರ್ಟ್? ಇಷ್ಟು ಆಸೆಪಟ್ಟು ಇಸ್ಕೊಂಡಿದ್ದನ್ನ?"

ನನ್ನ ಬಾಯಿ ತೆರೆಯಿತು. 'ಇಲ್ಲ ತಾಯಿ, ಶನಿವಾರ ಪಂದ್ಯ ಇದೆ' ಎಂಬ ವಾಕ್ಯ ನಾಲಗೆಯ ತುದಿಗೆ ಬಂದು, ಚಪ್ಪಲಿ ಮೆಟ್ಟಿ ಹೊರಡಲು ಸಿದ್ಧವಾಗಿತ್ತು. ಅಷ್ಟರಲ್ಲಿ ಒಲೀಟಾಳ ಹಿಮ್ಮಡಿ ನನ್ನ ಕಾಲ್ಬೆರಳಿನ ಮೇಲೆ ಇಳಿಯಿತು.

"ಹೌದೂಂ!" ಎಂದೆ. ಅದು ನಾನು ಅಂದದ್ದೋ, ಕಾಲ್ಬೆರಳು ಅಂದದ್ದೋ ಇವತ್ತಿಗೂ ನನಗೆ ತಿಳಿಯದು. ಆದರೆ ಓಪಲ್ ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ. ಅವಳು ವರ್ಜಿಲನಿಗಾಗಿ. ನಾನು ಅರ್ಧ ವರ್ಜಿಲನಿಗಾಗಿ, ಅರ್ಧ ಕುದುರೆಗಾಗಿ.

"ಅದ್ಸರಿ, ಬಿಚ್ಚಿದ್ದೀಯಲ್ಲ, ಯಾಕೆ?" ಎಂದು ಹಿಂದಿನಿಂದ ಒಂದು ದನಿ ಕೇಳಿತು. ಬರ್ಲ್! ಬಾಯ್ತುಂಬ ಮೊಟ್ಟೆ!

ನನ್ನ ಜೀವ ಉಳಿಸಿದವರು ಪಾದ್ರಿಗಳು. "ಇಷ್ಟೂ ಅರ್ಥವಾಗಲಿಲ್ಲವೇ, ಬ್ರದರ್ ಬರ್ಲ್?" ಎಂದು ಅವರು ಎರಡೂ ಕೈ ಮೇಲೆತ್ತಿದರು. "ಮಣ್ಣು ಮಣ್ಣಿಗೆ! ನಾವೆಲ್ಲ ಒಂದು ದಿನ ಹೀಗೇ ಬಿಡಿಬಿಡಿಯಾಗಿ ಬಿಚ್ಚಿ ಹೋಗುವವರು. ಮತ್ತೆ ಜೋಡಿಸುವವನು ಮೇಲಿದ್ದಾನೆ! ಬ್ರದರ್ ಎಲ್ಬರ್ಟ್, ಎಂಥ ಆಳ! ನಿಮ್ಮಲ್ಲಿ ಇಷ್ಟು ಆಳ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ!"

ನನಗೂ ಗೊತ್ತಿರಲಿಲ್ಲ.

ಓಪಲ್ ವರ್ಜಿಲನ ತಂಬಾಕಿನ ಚೀಲ ತಂದು ಒಂದೊಂದೇ ಭಾಗವನ್ನು ಒರೆಸಿ ಒಳಗೆ ಹಾಕತೊಡಗಿದಳು. ನಾನು ಕಟ್ಟಿಗೆಯಂತೆ ನಿಂತು ಮನಸ್ಸಿನಲ್ಲೇ ನನ್ನ ಕ್ರಮ ಒಪ್ಪಿಸುತ್ತ ಹೋದೆ. ಕುದುರೆ, ಸರಿ. ದೊಡ್ಡ ಸ್ಪ್ರಿಂಗು, ಸರಿ. ಕೊಕ್ಕೆ, ಸರಿ. ಕೊಕ್ಕೆಯ ಚಿಕ್ಕ ಸ್ಕ್ರೂ...

ಆ ಗುಳಿಯಲ್ಲಿ ಬರೀ ಗ್ರೀಸು!

ಬಿತ್ತು! ಎಲ್ಲಿ ಬಿತ್ತು? ನನ್ನ ಕಣ್ಣು ಮೇಜಿನ ಮೇಲೆ ಓಡಿತು. ತಟ್ಟೆಯ ಪಕ್ಕದಲ್ಲೇ ಆಲೂಗಡ್ಡೆ ಕಲಸಿನ ಬೋಗುಣಿ, ಬಾಯಿ ತೆರೆದುಕೊಂಡು ಕೂತಿದೆ. ಅದರಲ್ಲಿ ಚಮಚ ಅದ್ದಿ ತಮ್ಮ ತಟ್ಟೆಗೆ ಗುಡ್ಡ ಹಾಕಿಕೊಳ್ಳುತ್ತಿರುವವರು ಯಾರು? ಪಾದ್ರಿಗಳು! ಒಂದೇ ಕಡೆಯ ದವಡೆ ಉಳಿದಿರುವ ಪಾದ್ರಿಗಳು!

ಮೊದಲ ತುತ್ತು ಬಾಯಿಗೆ ಹೋಯಿತು.

ಕಟಂ!

"ಉಗೀರಿ!" ಎಂದು ಕೂಗಿಬಿಟ್ಟೆ.

"ಸೆಲರಿ ದಂಟು," ಎಂದರು ಪಾದ್ರಿಗಳು, ಬೆರಗಿನಿಂದ. "ಬಹಳ ಎಳಸಾಗಿದೆ."

ಇನ್ನು ತಡೆಯಲಾಗಲಿಲ್ಲ. ಬೋಗುಣಿಯನ್ನೇ ತಬ್ಬಿಕೊಂಡು ಮೂಲೆಗೆ ಹೋಗಿ, ಫೋರ್ಕಿನಿಂದ ಒಂದೊಂದು ಆಲೂ ಹೋಳನ್ನೂ ಚುಚ್ಚಿ ಚುಚ್ಚಿ ಹುಡುಕಿದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಈರುಳ್ಳಿ ಬಹಳ ಹಾಕಿದ್ದರು. ಹೆಂಗಸರು ದೂರದಿಂದ ಲೊಚಗುಟ್ಟಿದರು. "ಪಾಪ, ಎಷ್ಟು ಹಚ್ಕೊಂಡಿದ್ದ ನೋಡಿ. ಯಾರಿಗೂ ಮುಖ ತೋರಿಸದೆ ಆಲೂಗಡ್ಡೇಲಿ ಅಳ್ತಿದಾನೆ."

ಸ್ಕ್ರೂ ಸಿಗಲಿಲ್ಲ. ಶುಕ್ರವಾರ ವರ್ಜಿಲನನ್ನು ಗುಡ್ಡದ ಮೇಲೆ ಮಣ್ಣು ಮಾಡಿದೆವು, ಕೋಟಿನ ಜೇಬಿನಲ್ಲಿ ತಂಬಾಕಿನ ಚೀಲದ ಸಮೇತ. ಶನಿವಾರ ನಾನು ಗುಲಾಬಿ ಏಪ್ರನ್ ಕಟ್ಟಿಕೊಂಡು ಊರಿಗೆಲ್ಲ ಬೀನ್ಸ್ ಬಡಿಸಿದೆ. ದಾರಕ್ಕೆ ಹಗ್ಗ ಜೋಡಿಸಬೇಕಾಗಿ ಬಂದದ್ದು ನನ್ನ ಸೊಂಟಕ್ಕೆ!

"ಎಲ್ಬರ್ಟ್, ಒಂದು ಮಾತಂತೂ ಒಪ್ಬೇಕು," ಎಂದ ಬರ್ಲ್, ತಟ್ಟೆ ಮುಂದೊಡ್ಡಿ. "ಈ ಊರಲ್ಲಿ ತನ್ನ ಬಂದೂಕಿನ ಒಂದೊಂದು ಸ್ಕ್ರೂನೂ ಎಲ್ಲಿದೆ ಅಂತ ಖಚಿತವಾಗಿ ಹೇಳಬಲ್ಲೋನು ನೀನೊಬ್ನೇ. ಇನ್ನೊಂಚೂರು ಬೀನ್ಸ್ ಹಾಕು."

ಒಂದನ್ನು ಬಿಟ್ಟು, ಎಂದುಕೊಂಡೆ ನಾನು. ಬಡಿಸಿದೆ.

ಸೋಮವಾರ ಒಲೀಟಾ ಬಟ್ಟೆ ಒಗೆಯಲು ಹೊರಟಳು. ನನ್ನ ಪ್ಯಾಂಟನ್ನು ಹಿಡಿದು ಕೊಡವಿದಳು. ಪ್ಯಾಂಟು ನನಗಿಂತ ಉದ್ದ, ಕಾಲಿನ ತುದಿ ಮಡಚಿಕೊಂಡಿರುತ್ತೇನೆ. ಆ ಮಡಿಕೆಯಿಂದ ಏನೋ ಉದುರಿತು.

ಟಿಣ್!

ನೆಲದ ಮೇಲೆ ಅಕ್ಕಿ ಕಾಳಿನಷ್ಟು ಪುಟ್ಟ ಸ್ಕ್ರೂ! ಇಡೀ ಸಾವಿನ ಮನೆಯನ್ನು, ಪಾದ್ರಿಗಳ ಬಾಯನ್ನು, ಆಲೂಗಡ್ಡೆಯ ಪಾತಾಳವನ್ನು ನಾನು ಶೋಧಿಸುತ್ತಿದ್ದಾಗ ಅದು ನನ್ನ ಕಾಲಿನಲ್ಲೇ ನನ್ನ ಜೊತೆ ಅಡ್ಡಾಡುತ್ತಿತ್ತು. ಜಡ್ಜ್ ವಿಚಾರಣೆಗೆಂದು ಕೈಯೆತ್ತಿದ. ಅವನ ಕೈಗೆ ಸಿಗುವ ಮೊದಲೇ ನಗುತ್ತ ಎತ್ತಿಕೊಂಡೆ.

ಅಂಗೈಯಲ್ಲಿ ಅದನ್ನು ನೋಡುತ್ತ ನೋಡುತ್ತ ನನ್ನ ನಗು ಇಳಿಯಿತು. ಕಣ್ಣು ಮಸುಕಾದ ಮುದುಕ, ಇಷ್ಟು ಸಣ್ಣದನ್ನು ಬೆಳಕಿಗೆ ಹಿಡಿದು ಹಿಡಿದು ಅರ ಹಾಕಿದ್ದ. ಬಿಚ್ಬೇಡ ಎಂದಿದ್ದ. ಈಗ ಅವನ ಕೊನೆಯ ಲಾಕು ಅವನ ಜೇಬಿನಲ್ಲಿದೆ, ಒಂದು ಸ್ಕ್ರೂ ಕಮ್ಮಿ.

"ಒಲೀಟಾ, ಒಂದು ಕೆಲಸ ಮಾಡ್ತೀಯಾ?" ಎಂದೆ. "ನಾನು ಹೋದಾಗ ಇದನ್ನ ನನ್ನ ಅಂಗಿ ಜೇಬಿಗೆ ಹಾಕ್ಬಿಡು. ಮೇಲೆ ಅವನು ಬಾಗ್ಲಲ್ಲೇ ಕಾಯ್ತಾ ಕೂತಿರ್ತಾನೆ, ಎಲ್ಲ ಜೋಡಿಸ್ಕೊಂಡು, ಇದೊಂದಕ್ಕೆ. ಬೈಯೋ ಮೊದ್ಲು ಕೈಗಿಟ್ಬಿಡ್ತೀನಿ."

ಒಲೀಟಾ ನನ್ನ ಕೈಯಿಂದ ಸ್ಕ್ರೂ ತೆಗೆದುಕೊಂಡಳು. ಚೂರು ಬೆಳ್ಳಿ ಹಾಳೆಯಲ್ಲಿ ಸುತ್ತಿದಳು. ಮೇಲೊಂದು ಪಟ್ಟಿ ಅಂಟಿಸಿ, ಬೇರೆಯವರ ಮನೆಗೆ ಹೋಗುವ ತಟ್ಟೆ ತಪ್ಪದೆ ಮರಳಲೆಂದು ಅದರ ತಳಕ್ಕೆ ಬರೆಯುವಂತೆ ತನ್ನ ಹೆಸರು ಬರೆದಳು. ಏಪ್ರನ್ನಿನ ಜೇಬಿಗೆ ಇಳಿಸಿ ಮೇಲೊಮ್ಮೆ ತಟ್ಟಿದಳು.

"ನಿನ್ನ ಜೇಬಿಗಾ? ಸ್ವರ್ಗದ ದಾರೀಲೇ ಕಳ್ಕೋತೀಯ ಕಣೋ," ಎಂದಳು. "ನೀನು ಮುಂದೆ ಹೋಗಿರು. ನಾನು ತರ್ತೀನಿ."